ಕೊಳ್ಳು, ಕೊಳ್ಳೆ, ಮನಸೂರೆ

ಅರಸೀಕೆರೆಯಿಂದ ಬಾಣಾವರದ ಕಡೆ ಹೊರಟು, ನಡುವೆ ಎಲ್ಲೋ ಮುಖ್ಯರಸ್ತೆ ಬಿಟ್ಟು ತೆಂಗಿನ ತೋಟಗಳ ಒಳಗಿನ ಬಂಡಿದಾರಿ ಹಿಡಿದರೆ ಒಂದು ವೀರಗಲ್ಲು ಸಿಗುತ್ತದೆ. ಊರಿನ ಹೆಸರು ಬೇಡ, ಇಂಥ ಕಲ್ಲುಗಳು ನಮ್ಮ ಸೀಮೆಯಲ್ಲಿ ಎಷ್ಟೋ ಊರಲ್ಲಿವೆ. ನಾನು ಮೊದಲ ಸಲ ಹೋದಾಗ ಅದರ ಮೇಲೆ ಯಾರದೋ ಒದ್ದೆ ಟವೆಲ್ ಒಣಗುತ್ತಿತ್ತು.

“ಏನ್ ಸಾಮಿ, ಈರಗಲ್ಲು ನೋಡಾಕ್ ಬಂದ್ರಾ?” ಎಂದರು ತೋಟದ ಅಜ್ಜ.

“ಹೂಂ ಅಜ್ಜಾ. ಒಂದು ಕೊಡ ನೀರು ಸಿಗ್ತದಾ?”

“ನೀರ್ಗೇನ್ ಬರ, ಮೋಟ್ರು ಓಡ್ತೈತೆ. ತಡೀರಿ, ಆ ಟವಲ್ಲು ನಂದೇಯ, ತಕ್ಕಂತೀನಿ.”

ನೀರು ಕೇಳಿದ್ದು ಕುಡಿಯಲಿಕ್ಕಲ್ಲ. ಒಣಗಿದ ವೀರಗಲ್ಲು ಮೂಕ. ಎಣ್ಣೆ, ಧೂಳು, ಪಾಚಿ ಎಲ್ಲ ಕೂಡಿ ಅದು ಒಂದು ಬೂದುಬಣ್ಣದ ಹಲಗೆಯಂತೆ ನಿಂತಿರುತ್ತದೆ. ನೀರು ಹಾಕಿ ಕೈಯಿಂದ ಮೆಲ್ಲಗೆ ಸವರಿದರೆ, ಇಳಿಬಿಸಿಲು ಪಕ್ಕದಿಂದ ಬಿದ್ದರೆ, ಎರಡು ನಿಮಿಷದಲ್ಲಿ ಒಳಗಿನವರೆಲ್ಲ ಎದ್ದು ಬರುತ್ತಾರೆ. ಮೊದಲು ಕೊಂಬು ಕಾಣಿಸಿದವು. ಆಮೇಲೆ ಹಸುಗಳು.

ಎಲ್ಲಕ್ಕಿಂತ ಕೆಳಗಿನ ಅಂಕಣದ ಎಡತುದಿಯಲ್ಲಿ ಐದು ಹಸುಗಳಿವೆ. ಐದು ಎಂದದ್ದು ತಲೆ ಎಣಿಸಿ. ಮೈಗಳು ಒಂದರ ಹಿಂದೆ ಒಂದು ಅಡಗಿ ಒಂದೇ ದಪ್ಪ ಮೈಯಾಗಿವೆ, ಕಾಲುಗಳು ಜೋಳದ ದಂಟಿನ ಹಾಗೆ ಒತ್ತೊತ್ತಾಗಿವೆ. ಮಂದೆಯನ್ನು ಕೋಲಿನಿಂದ ಅಟ್ಟುವಾಗ ದನಗಳು ಹೀಗೇ ಒಂದಕ್ಕೊಂದು ಮೈ ಉಜ್ಜಿಕೊಂಡು ಓಡುತ್ತವೆ. ದನ ಕಾಯ್ದವನಿಗೇ ಇದು ಗೊತ್ತು, ಕಲ್ಲು ಕಡಿದವನಿಗೂ ಗೊತ್ತಿತ್ತು. ನಾಲ್ಕು ಮುಂದೆ ನೋಡುತ್ತಿವೆ. ಕೊನೆಯದು ಕತ್ತು ತಿರುಗಿಸಿ ಹಿಂದೆ ನೋಡುತ್ತಿದೆ. ಅದರ ಹೊಟ್ಟೆಯ ಕೆಳಗೆ ಬೆರಳುದ್ದದ ಒಂದು ಕರು, ಕೆಚ್ಚಲಿಗೆ ಬಾಯಿಟ್ಟಿದೆ. ಊರಿಗೆ ಊರೇ ಹೊಯ್ಕೊಳ್ಳುತ್ತಿರುವಾಗ ಕರುವಿಗೆ ಹಾಲಿನ ಚಿಂತೆ.

ನಡುವೆ ವೀರ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ, ತಲೆಯ ಪಕ್ಕಕ್ಕೆ ವಾಲಿಸಿ ಕಟ್ಟಿದ ತುರುಬು. ಎದುರಿಗೆ ಮೂವರು ಬಿಲ್ಲುಗಾರರು, ಅವನ ಅರ್ಧದಷ್ಟು ಎತ್ತರದವರು. ಒಂದು ಬಾಣ ಆಗಲೇ ತೊಡೆಗೆ ನಾಟಿದೆ. ಕಾಲಬುಡದಲ್ಲಿ ಒಬ್ಬ ಬಿದ್ದಿದ್ದಾನೆ. ವೀರನ ಮುಖದಲ್ಲಿ ಮೂಗಿಲ್ಲ, ಕಣ್ಣಿಲ್ಲ. ಇದು ಯಾವ ಶತ್ರುವಿನ ಕೆಲಸವೂ ಅಲ್ಲ. ತಲೆಮಾರುಗಟ್ಟಲೆ ಎಣ್ಣೆ ಸವರಿ, ಕುಂಕುಮ ಒತ್ತಿ, ಊರಿನವರೇ ಭಕ್ತಿಯಿಂದ ಸವೆಸಿದ್ದು. ಶಿಲ್ಪವನ್ನು ಮುಟ್ಟಬಾರದು ಎನ್ನುವವನೇ ನಾನು. ಆದರೆ ಈ ಸವೆತ ಕಂಡಾಗ ಯಾಕೋ ಬೇಜಾರಾಗಲಿಲ್ಲ.

ನಡುವಣ ಅಂಕಣದಲ್ಲಿ ಇಬ್ಬರು ಸುರಕನ್ನೆಯರು ಅವನನ್ನು ಕಂಕುಳಿಗೆ ಕೈಕೊಟ್ಟು ಎತ್ತಿಕೊಂಡು ಹೋಗುತ್ತಿದ್ದಾರೆ. ಇಲ್ಲಿ ನೋಡಬೇಕಾದ್ದು ಅವನ ಪಾದ. ಕೆಳಗಿನ ಅಂಕಣದಲ್ಲಿ ನೆಲಕ್ಕೆ ಊರಿ ನಿಂತ ಪಾದಗಳು ಇಲ್ಲಿ ಜೋತುಬಿದ್ದಿವೆ, ಬೆರಳುಗಳು ನೆಲದ ಕಡೆಗೆ. ನಿದ್ದೆಹೋದ ಮಗುವನ್ನು ಜಾತ್ರೆಯಿಂದ ಎತ್ತಿ ತರುವಾಗ ಅದರ ಕಾಲು ಹೇಗಿರುತ್ತದೋ ಹಾಗೆ. ಕತ್ತಿ ಇಲ್ಲ. ಎಲ್ಲಿ ಹೋಯಿತು ಎಂದು ಶಿಲ್ಪಿ ಹೇಳುವುದಿಲ್ಲ. ಮೇಲಿನ ಅಂಕಣದಲ್ಲಿ ಲಿಂಗ, ಗಂಟೆ ಹಿಡಿದ ಪೂಜಾರಿ, ನಂದಿ. ಪಕ್ಕದಲ್ಲಿ ನಮ್ಮವನು ಚಕ್ಕಂಬಕ್ಕಲ ಹಾಕಿ ಕುಳಿತು ಕೈಮುಗಿದಿದ್ದಾನೆ. ಎಲ್ಲದರ ತಲೆಯ ಮೇಲೆ ಸೂರ್ಯ, ಚಂದ್ರ.

ಎದೆಯೆತ್ತರದ ಕಲ್ಲಿನಲ್ಲಿ ಮೂರು ಹೊತ್ತು, ಮೂರು ಲೋಕ. ಕಣ್ಣು ಕೆಳಗಿನಿಂದ ಮೇಲಕ್ಕೆ ಏರಬೇಕು, ಹಾಗೆ ಏರುತ್ತ ಗದ್ದಲ ಕಡಿಮೆಯಾಗಬೇಕು. ಕೆಳಗೆ ಹತ್ತು ಜೀವ ನೂಕಾಡುತ್ತಿವೆ, ಮೇಲೆ ಇಬ್ಬರೇ. ಜಾಗ ಖಾಲಿ ಬಿಡುವುದಕ್ಕೂ ಧೈರ್ಯ ಬೇಕು. ಬೇಲೂರಿನ ಗೋಡೆಯಲ್ಲಿ ಒಂದು ಅಂಗುಲ ಖಾಲಿ ಹುಡುಕಿ ನೋಡಿ, ಸಿಕ್ಕಿದರೆ ಹೇಳಿ. ಅಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿಕೊಂಡರು, ಒಳ್ಳೆಯದೇ ಮಾಡಿದರು. ಈ ತೋಟದ ಕಲ್ಲಿನವನು ಕೆತ್ತಿಕೊಳ್ಳಲಿಲ್ಲ. ಬೇಲೂರಿನ ಮದನಿಕೆಯರನ್ನು ನಾನು ಹತ್ತಾರು ಸಲ ನೋಡಿದ್ದೇನೆ, ಮತ್ತೆ ನೋಡುತ್ತೇನೆ. ಆದರೂ ಒಂದು ಮಾತು ಹೇಳಿಬಿಡುತ್ತೇನೆ: ಆ ಜೋತುಬಿದ್ದ ಪಾದಗಳಂಥದ್ದನ್ನು ನಾನು ಬೇಲೂರಿನಲ್ಲಿ ಕಂಡಿಲ್ಲ.

ಇಂಥ ಸಾವಿಗೆ ಹಳಗನ್ನಡದಲ್ಲಿ ಒಂದು ಪದಕೋಶವೇ ಇದೆ. ತುರು ಎಂದರೆ ದನ, ದನ ಹೊಡೆದುಕೊಂಡು ಹೋಗುವುದು ತುರುಗೋಳ್. ಊರನ್ನೇ ಹಾಳುಮಾಡಲು ಬಂದರೆ ಊರಳಿವು. ಹೆಂಗಸರ ಮೇಲೆ ಕೈಮಾಡಿದಾಗ ಏಳುವ ಕೂಗು ಪೆಣ್ಬುಯ್ಯಲ್. ಸತ್ತವನ ಮನೆಯವರಿಗೆ ಕೊಡುವ ಹೊಲ ನೆತ್ತರುಗೊಡಗೆ. ಈಗ ಸರ್ಕಾರ ಕೊಡುವುದಕ್ಕೆ ಪರಿಹಾರ ಎನ್ನುತ್ತೇವೆ, ಏನನ್ನು ಪರಿಹರಿಸುತ್ತದೋ ದೇವರೇ ಬಲ್ಲ. ನೆತ್ತರುಗೊಡಗೆ ಎನ್ನುವಾಗ ಆ ಮಾತಿನಲ್ಲೇ ಲೆಕ್ಕ ಇದೆ, ನೆತ್ತರು ಕೊಟ್ಟವನಿಗೆ ನೆಲ. ವೀರಗಲ್ಲುಗಳು ಇಷ್ಟೊಂದು ಸಂಖ್ಯೆಯಲ್ಲಿ ಇರುವ ನಾಡು ಭಾರತದಲ್ಲಿ ಕರ್ನಾಟಕವೇ. ಹೆಮ್ಮೆಪಡುವ ಮುಂಚೆ ಒಂದು ಕ್ಷಣ ಯೋಚಿಸಬೇಕು, ಅಷ್ಟೂ ಕಲ್ಲುಗಳ ಹಿಂದೆ ಅಷ್ಟು ಗಲಭೆಗಳಿವೆ.

ತುರುಗೋಳ್ ಪದದ ಬಾಲದಲ್ಲಿ ಕುಳಿತಿರುವ ‘ಕೊಳ್’ ನನ್ನನ್ನು ಬಹಳ ದಿನ ಕಾಡಿದೆ. ತೆಗೆದುಕೊಳ್ಳುವುದು ಎನ್ನುವುದೇ ಅದರ ಮೂಲ ಅರ್ಥ. ಅಂಗಡಿಯಲ್ಲಿ ದುಡ್ಡು ಕೊಟ್ಟು ಸೀರೆ ಕೊಳ್ಳುತ್ತೇವಲ್ಲ, ಅದೂ ಇದೇ ಕೊಳ್. ರಾತ್ರಿ ಬಂದು ಮನೆ ದೋಚಿದರೆ ಕೊಳ್ಳೆ, ಅದೂ ಇದೇ. ದುಡ್ಡು ಕೊಟ್ಟೆಯಾ ಕತ್ತಿ ತೋರಿಸಿದೆಯಾ ಎಂಬುದು ಧಾತುವಿಗೆ ಮುಖ್ಯವಲ್ಲ, ಆಚೆಯವನ ಕೈಯಲ್ಲಿದ್ದದ್ದು ಈಚೆ ಬಂದಿತೋ ಇಲ್ಲವೋ ಅಷ್ಟೇ. ಹೊಯ್ಸಳ ಅರಸ ವಿಷ್ಣುವರ್ಧನ 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದ. ಮರುವರ್ಷ, 1117ರಲ್ಲಿ, ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾಯಿತು. ಅವನು ಹೊರಡಿಸಿದ ಚಿನ್ನದ ನಾಣ್ಯದ ಮೇಲೆ ಕನ್ನಡ ಅಕ್ಷರದಲ್ಲಿ ‘ತಲಕಾಡುಗೊಂಡ’ ಎಂದಿದೆ, ಇನ್ನೊಂದು ಬಗೆಯದರ ಮೇಲೆ ‘ನೊಳಂಬವಾಡಿಗೊಂಡ’ ಎಂದು. ಆ ‘ಗೊಂಡ’ವೂ ಇದೇ ಕೊಳ್. ಕೊಳ್ಳಲು ಬಳಸುವ ನಾಣ್ಯ, ಅದರ ಮೇಲೆ ಕಸಿದುಕೊಂಡ ಊರಿನ ಹೆಸರು. ಧಾತುವಿನ ಎರಡು ಅರ್ಥಗಳೂ ಒಂದೇ ಬಿಲ್ಲೆಯಲ್ಲಿ.

ಹೊಯ್ಸಳರ ವೈಭವ ಎಂದು ನಾವು ಬಾಯಿ ತುಂಬ ಹೊಗಳುವುದು ಈ ಎರಡರ ಸಂತಾನವನ್ನು. ಮಲೆನಾಡ ಅಂಚಿನ ಪಾಳೆಯಗಾರರಂತೆ ಶುರುವಾದವರು, ಮಲೆಪರೊಳ್ ಗಂಡ ಎಂದು ಬಿರುದು ಹಾಕಿಕೊಂಡವರು, ಬೇರೆಯವರ ನಾಡಿಗೆ ನುಗ್ಗಿ ತಂದದ್ದು ಒಂದು ಪಾಲು. ಸೆಟ್ಟರು ಹೇರಿನ ಮೇಲೆ ತಂದದ್ದು ಇನ್ನೊಂದು ಪಾಲು. ಎರಡನೆಯ ಪಾಲನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ನೆನೆಯಬೇಕಾದರೆ ಅರಸೀಕೆರೆ ಪೇಟೆಗೇ ವಾಪಸ್ಸು ಬರಬೇಕು. ರೈಲು ಬದಲಿಸುವ ಜಂಕ್ಷನ್ ಎಂದೋ ಕೊಬ್ಬರಿ ಮಂಡಿಯ ಊರೆಂದೋ ಇದನ್ನು ಬಲ್ಲವರೇ ಹೆಚ್ಚು. ಇಲ್ಲಿ 1220ರ ಹೊತ್ತಿಗೆ ಕಟ್ಟಿದ ಶಿವಾಲಯವಿದೆ. ಹಳೇಬೀಡಿಗೆ ಬಸ್ಸು ತುಂಬಿಸಿಕೊಂಡು ಹೋಗುವವರು ಇಲ್ಲಿ ಇಳಿಯುವುದೇ ಇಲ್ಲ. ಇಳಿಯದಿದ್ದರೆ ಕಳೆದುಕೊಳ್ಳುವುದು ಅದರ ಮುಂಭಾಗದ ತೆರೆದ ಮಂಟಪವನ್ನು. ಹದಿನಾರು ಮೂಲೆಯ ನಕ್ಷತ್ರದ ಆಕಾರ, ಮೇಲೆ ಬೋರಲು ಹಾಕಿದ ಬೋಗುಣಿಯಂಥ ಛತ್ತು, ಹೊರಲು 21 ಕಂಬ. ತಿರುಗಣೆಗೆ ಕೊಟ್ಟು ಕಡೆದ ಕಂಬಗಳು. ಬಳಪದ ಕಲ್ಲಿಗೆ ಹೊಳಪು ಕೊಟ್ಟರೆ ಅದು ಕಲ್ಲಿನ ಹಾಗಿರುವುದಿಲ್ಲ, ಹೊಸದಾಗಿ ಹುಳಿ ಹಾಕಿ ತಿಕ್ಕಿದ ಹಿತ್ತಾಳೆ ಚೊಂಬಿನ ಹಾಗಿರುತ್ತದೆ. ಉಬ್ಬಿನಲ್ಲಿ ಬೆಳಕು ನಿಂತು, ಕತ್ತರಿಸಿದ ಅಂಚಿನಲ್ಲಿ ತಟ್ಟನೆ ಕತ್ತಲಾಗುತ್ತದೆ. ಮಂಟಪದ ಸುತ್ತ ಕೂರಲು ಜಗಲಿ. ಮಧ್ಯಾಹ್ನ ಎರಡರ ಬಿಸಿಲಲ್ಲೂ ಆ ಜಗಲಿ ತಣ್ಣಗಿರುತ್ತದೆ, ಬೆನ್ನಿಗೆ ಕಂಬ ಒರಗಿಸಿ ಕೂತರೆ ಏಳಲು ಮನಸ್ಸು ಬಾರದು. ದೇವಸ್ಥಾನಕ್ಕೆ ಗರ್ಭಗುಡಿ ಸಾಕು. ಇದು ಜನ ಕೂರಲಿ, ಮಾತಾಡಲಿ, ಲೆಕ್ಕ ಮಾಡಲಿ ಎಂದು ಕಟ್ಟಿದ ಜಾಗ. ಅದೇ 1220ರ ಸುಮಾರಿಗೆ ಎರಡನೆಯ ಬಲ್ಲಾಳನ ದಂಡನಾಯಕ ರೇಚರಸ ಇಲ್ಲೇ ಸಹಸ್ರಕೂಟ ಜಿನಾಲಯ ಕಟ್ಟಿಸಿದ. ಒಂದೇ ಪೇಟೆ, ಒಂದೇ ಕಾಲ, ಎರಡು ಮತದ ಎರಡು ಕಟ್ಟಡ. ದುಡ್ಡು ಓಡಾಡುತ್ತಿದ್ದ ಊರು ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು.

ದುಡ್ಡು ಓಡಾಡಿಸಿದವರು ಅಯ್ಯಾವೊಳೆ ಐನೂರ್ವರು. ಐಹೊಳೆಯ ಹೆಸರು ಹೊತ್ತು ದಕ್ಷಿಣದ ಉದ್ದಗಲಕ್ಕೂ ಹರಡಿದ್ದ ವರ್ತಕರ ಕೂಟ. ಇವರ ಶಾಸನಗಳನ್ನು ಓದಿದರೆ ಇದು ವ್ಯಾಪಾರಿಗಳ ಪತ್ರವೋ ಸೈನ್ಯದ ಕಹಳೆಯೋ ಎಂದು ಅನುಮಾನ ಬರುತ್ತದೆ. ತಮ್ಮದು ವೀರಬಣಂಜು ಧರ್ಮ ಎನ್ನುತ್ತಾರೆ. ಹೆಗಲಲ್ಲಿ ಹಸುಂಬೆ ಚೀಲ, ಸೊಂಟದಲ್ಲಿ ಕತ್ತಿ. ಶಿಕಾರಿಪುರದ ಶಾಸನವೊಂದು ಇವರ ಸರಕಿನ ಪಟ್ಟಿ ಕೊಡುತ್ತದೆ: ಆನೆ, ಕುದುರೆ, ನೀಲ, ಮುತ್ತು, ವಜ್ರ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿ. ಹಡಗಿನಲ್ಲಿ ಕುದುರೆ, ಆನೆ, ಮುತ್ತು ತಂದು ಅರಸರಿಗೆ ಮಾರಿದ ಸೆಟ್ಟಿಯೊಬ್ಬನ ಮಾತು ನಮ್ಮ ಅರಸೀಕೆರೆ ತಾಲ್ಲೂಕಿನ ಶಾಸನದಲ್ಲೇ ಇದೆ. ಅದನ್ನು ಓದಿದ ದಿನ ನನಗೆ ತಮಾಷೆಯೆನಿಸಿತು. ಕೆರೆಯಲ್ಲಿ ನೀರು ನಿಂತರೆ ಸಾಕು ಎಂದು ಹರಕೆ ಹೊರುವ ಬಯಲುಸೀಮೆಯ ಊರು, ಕಲ್ಲಿನ ಮೇಲೆ ಹಡಗು!

ಕುದುರೆ ಯಾಕೆ ಹಡಗಿನಲ್ಲಿ ಬರಬೇಕಿತ್ತು? ನಮ್ಮ ಹವೆ, ನಮ್ಮ ಮೇವು ಒಳ್ಳೆಯ ಯುದ್ಧದ ಕುದುರೆಗೆ ಒಗ್ಗುತ್ತಿರಲಿಲ್ಲ. ಅರಬ್ಬಿ ಕಡೆಯಿಂದ ತಂದದ್ದು ಇಲ್ಲಿ ಬೇಗ ಸಾಯುತ್ತಿತ್ತು, ಮತ್ತೆ ತರಿಸಬೇಕಿತ್ತು. ತಮಿಳುನಾಡಿನ ಪಾಂಡ್ಯರ ಸೀಮೆಯಲ್ಲಿ ಕುದುರೆಗೆ ಲಾಳ ಹೊಡೆಯುವವರೂ ಇಲ್ಲ, ಬೇಯಿಸಿದ ಅನ್ನ ಮಾಂಸ ತಿನ್ನಿಸುತ್ತಾರೆ ಎಂದು ಮಾರ್ಕೊ ಪೋಲೊ ಹುಬ್ಬೇರಿಸಿ ಬರೆದ. ಅವನು ನಮ್ಮ ಪಶ್ಚಿಮ ಕಡಲನ್ನು ಹಾದುಹೋದದ್ದು 1290ರ ದಶಕದಲ್ಲಿ. ದ್ವಾರಸಮುದ್ರದಲ್ಲಿ, ಅಂದರೆ ಈಗಿನ ಹಳೇಬೀಡಿನಲ್ಲಿ, ಮೂರನೆಯ ಬಲ್ಲಾಳ ಪಟ್ಟಕ್ಕೆ ಬಂದ ಕಾಲ.

ಆ ಕಡಲಿನ ಕಳ್ಳರ ಬಗ್ಗೆ ಪೋಲೊ ಹೇಳುವುದು ನಿಜಕ್ಕೂ ರಸವತ್ತಾಗಿದೆ. ಮಲಬಾರು, ಗುಜರಾತಿನಿಂದ ವರ್ಷವರ್ಷ ನೂರಕ್ಕೂ ಹೆಚ್ಚು ಹಡಗು ದರೋಡೆಗೆ ಹೊರಡುತ್ತವೆ, ಹೆಂಡತಿ ಮಕ್ಕಳ ಸಮೇತ. ಇಪ್ಪತ್ತೋ ಮೂವತ್ತೋ ಹಡಗು ಸೇರಿ, ನಡುವೆ ಐದಾರು ಮೈಲಿ ಬಿಟ್ಟು ಸಾಲಾಗಿ ನಿಂತರೆ ನೂರು ಮೈಲಿ ಕಡಲಿಗೆ ಬಲೆ ಬೀಸಿದ ಹಾಗೆ. ಯಾರಿಗಾದರೂ ಸರಕಿನ ಹಡಗು ಕಂಡರೆ ಬೆಂಕಿಯೋ ಹೊಗೆಯೋ ಮಾಡಿ ಉಳಿದವರಿಗೆ ಸನ್ನೆ. ಹಿಡಿದ ವ್ಯಾಪಾರಿಯನ್ನು ಕೊಲ್ಲುವುದಿಲ್ಲ, ಹೋಗಿ ಇನ್ನಷ್ಟು ಸರಕು ತಾ, ಮತ್ತೆ ನಮ್ಮ ಕೈಗೇ ಸಿಗುವೆಯಂತೆ ಎಂದು ಬಿಟ್ಟುಬಿಡುತ್ತಾರೆ. ವ್ಯಾಪಾರಿಗಳು ಮುತ್ತು ರತ್ನ ನುಂಗಿಬಿಡುತ್ತಾರೆಂದು ಗುಜರಾತಿನವರು ಸಮುದ್ರದ ನೀರಿಗೆ ಹುಣಸೆಹಣ್ಣು ಕಿವುಚಿ ಕುಡಿಸುತ್ತಿದ್ದರಂತೆ. ಹುಣಸೆಹಣ್ಣಿಗೆ ನಮ್ಮಡುಗೆಯಲ್ಲಿ ನೂರು ಉಪಯೋಗ ಉಂಟು, ಇದೊಂದು ಗೊತ್ತಿರಲಿಲ್ಲ. ಮುಂಬಯಿ ಪಕ್ಕದ ಠಾಣೆಯ ಅರಸನದು ಇನ್ನೂ ಚೆನ್ನಾಗಿದೆ. ಅವನು ಕಡಲ್ಗಳ್ಳರೊಡನೆ ಒಪ್ಪಂದ ಮಾಡಿಕೊಂಡಿದ್ದ: ಉಳಿದದ್ದೆಲ್ಲ ನಿಮಗೆ, ಸಿಕ್ಕ ಕುದುರೆ ಮಾತ್ರ ನನಗೆ. ತುರುಗೋಳಿನ ತುರು ಕಡಲಿಗಿಳಿದು ಕುದುರೆಯಾಯಿತು, ಬೇರೇನಿಲ್ಲ.

ಇಷ್ಟು ತಲೆಯಲ್ಲಿಟ್ಟುಕೊಂಡು ಹಳೇಬೀಡಿಗೆ ಹೋಗಿ. ಬಾಣಾವರ, ಜಾವಗಲ್ ದಾಟಿ ಬಸ್ಸು ಇಳಿದರೆ ಎದುರಿಗೇ ಹೊಯ್ಸಳೇಶ್ವರ. 1121ರ ಹೊತ್ತಿನ ಕೆಲಸ. ಕೇತಮಲ್ಲ, ಕೇಸರಸೆಟ್ಟಿ ಮೊದಲಾದ ಸಿರಿವಂತರು ಮುಂದೆ ನಿಂತು ಮಾಡಿಸಿದ್ದು. ಅರಸನ ಹೆಸರಿಟ್ಟರೂ ಗಂಟು ಪೇಟೆಯದು. ಎಲ್ಲರೂ ತಲೆ ಎತ್ತಿ ದೊಡ್ಡ ಮೂರ್ತಿಗಳನ್ನು ನೋಡುತ್ತಾರೆ, ಗೈಡುಗಳೂ ಅಲ್ಲಿಗೇ ಟಾರ್ಚು ಬಿಡುತ್ತಾರೆ. ನೀವು ಮೊಣಕಾಲಿನ ಮಟ್ಟಕ್ಕೆ ಬಗ್ಗಿ. ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು. ಅದರ ಮೇಲೆ ಸಿಂಹ, ಆಮೇಲೆ ಬಳ್ಳಿ, ಅದರ ಮೇಲೆ ಕುದುರೆ ಸವಾರರು. ಆನೆಯನ್ನು ಶಿಲ್ಪಿ ಮನೆಯವರ ಹಾಗೆ ಬಲ್ಲ. ಒಂದು ಆನೆ ಸೊಂಡಿಲಿನಿಂದ ಮುಂದಿನದರ ಬಾಲ ಹಿಡಿದಿದೆ, ಇನ್ನೊಂದು ಗಿಡ ಕೀಳುತ್ತಿದೆ, ಮತ್ತೊಂದು ಸುಮ್ಮನೆ ಸೋಮಾರಿ. ಕುದುರೆಯ ಬಳಿ ಬಂದಾಗ ಅವನ ಉಳಿ ಸ್ವಲ್ಪ ನೆಟ್ಟಗೆ ಕೂತು ಕೆಲಸ ಮಾಡಿದೆ. ಜೀನು, ಕಡಿವಾಣ, ಕತ್ತಿನ ಸರ, ಪಟ್ಟಿಯ ಗಂಟು, ಒಂದನ್ನೂ ಬಿಟ್ಟಿಲ್ಲ. ಬೆಲೆಬಾಳುವ ವಸ್ತುವನ್ನು ನೋಡುವ ಕಣ್ಣು ಅದು. ಹೊಸ ಕಾರು ಕೊಂಡವನ ಮನೆಮುಂದೆ ನಿಂತ ನೆಂಟರು ಹೀಗೇ ಬಾಗಿಲು, ಸೀಟು, ಚಕ್ರ ಎಲ್ಲ ಮುಟ್ಟಿ ನೋಡುತ್ತಾರೆ. ಆನೆಯ ಸಾಲು ನೋಡಿ ಪ್ರೀತಿ ಬರುತ್ತದೆ, ಕುದುರೆಯ ಸಾಲು ನೋಡಿ ಬೆಲೆ ಗೊತ್ತಾಗುತ್ತದೆ. ಆನೆ ನಮ್ಮ ಕಾಡಿನದು, ಕುದುರೆ ಕಡಲಾಚೆಯದು. ಕಲ್ಲು ಈ ವ್ಯತ್ಯಾಸವನ್ನು ಮುಚ್ಚಿಡಲಿಲ್ಲ.

ಆ ಗುಡಿಯ ಪಕ್ಕದಲ್ಲೇ ಒಂದು ಗರುಡಗಂಬವಿದೆ, ಜನ ಅದನ್ನು ದಾಟಿ ನಡೆದುಬಿಡುತ್ತಾರೆ. ಎರಡನೆಯ ಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನ ಗರುಡನಾಗಿದ್ದ, ಅಂದರೆ ಒಡೆಯನಿಗಾಗಿ ಪ್ರಾಣ ಕೊಡುವ ಪಣ ತೊಟ್ಟಿದ್ದ ಕುವರ ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ, ಜೊತೆಗೆ ಲೆಂಕರು ಎಂಬ ಸಾವಿರ ಆಳುಗಳು ಪ್ರಾಣ ಕೊಟ್ಟದ್ದರ ನೆನಪು ಅದು. ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ಆಳುಗಳಿದ್ದಾರೆ. ಕೆಲಸ ನಯವಾಗಿದೆ, ಅಕ್ಷರ ಚೆನ್ನಾಗಿದೆ. ನನಗೆ ಮಾತ್ರ ಅದು ರುಚಿಸುವುದಿಲ್ಲ. ತೋಟದ ವೀರಗಲ್ಲಿನಲ್ಲಿ ಒಬ್ಬ ಐದು ಹಸುಗಳಿಗಾಗಿ ಸತ್ತ, ಹಸುಗಳು ಊರಿಗೆ ಬೇಕಿತ್ತು, ಕರುವಿಗೆ ಬೇಕಿತ್ತು. ಇಲ್ಲಿ ಸಾವಿರ ಜನ ಯಾರಿಗಾಗಿ?

ಇಂಥ ಸಿರಿಯ ಸುದ್ದಿ ದೂರ ಹೋಗದೆ ಇರುತ್ತದೆಯೇ. 1311ರ ಫೆಬ್ರವರಿ ಕೊನೆಯಲ್ಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫೂರನ ದಂಡು ದೆಹಲಿಯಿಂದ ಬಂದು ದ್ವಾರಸಮುದ್ರದ ಕೋಟೆಯ ಮುಂದೆ ಇಳಿಯಿತು. ಮೂರನೆಯ ಬಲ್ಲಾಳ ಆಗ ತೆಂಕಣದಲ್ಲಿ ಪಾಂಡ್ಯ ಅಣ್ಣತಮ್ಮಂದಿರ ಜಗಳದಲ್ಲಿ ತನಗೇನು ಸಿಗುತ್ತದೆ ಎಂದು ನೋಡಲು ಹೋಗಿದ್ದ. ಇವನು ಅಲ್ಲಿ ಕೊಳ್ಳೆಗೆ ಹೋದ ಹೊತ್ತಿಗೆ ಮನೆಗೆ ಕೊಳ್ಳೆ ಬಂತು. ಓಡೋಡಿ ಬಂದು ಸಂಧಾನಕ್ಕಿಳಿದ, 36 ಆನೆ ಒಪ್ಪಿಸಿದ, ಮಗ ದೆಹಲಿಗೆ ಹೋಗಬೇಕಾಯಿತು. ದಂಡು ಮುಂದೆ ಪಾಂಡ್ಯರ ನಾಡನ್ನೂ ಗೋರಿಕೊಂಡು ವಾಪಸಾದಾಗ ತಂದ ಕುದುರೆ ಐದು ಸಾವಿರ ಎಂದು ಅಮೀರ್ ಖುಸ್ರೋ ಬರೆದ, ಇತಿಹಾಸಕಾರ ಬರನಿ ಇಪ್ಪತ್ತು ಸಾವಿರ ಎಂದ. ಹೊಗಳುಭಟರ ಲೆಕ್ಕ ಎಲ್ಲ ಕಾಲಕ್ಕೂ ಹೀಗೇ. ಆ ಕುದುರೆಗಳ ಪ್ರಯಾಣ ನೆನೆದರೆ ಅಯ್ಯೋ ಅನಿಸುತ್ತದೆ: ಅರಬ್ಬಿ ತೀರದಿಂದ ಹಡಗಿನಲ್ಲಿ ತೆಂಕಣಕ್ಕೆ, ತೆಂಕಣದಿಂದ ಕಾಲ್ನಡಿಗೆಯಲ್ಲಿ ದೆಹಲಿಗೆ. 1327ರಲ್ಲಿ ತುಘಲಕನ ದಂಡು ಇನ್ನೊಮ್ಮೆ ಬಂತು. ರಾಜಧಾನಿ ಹಾಳುಬಿದ್ದು ಹಳೆಯ ಬೀಡಾಯಿತು. ಆನೆ ಕುದುರೆ ಚಿನ್ನ ಎಲ್ಲ ಹೋದವು. ಮೊಣಕಾಲೆತ್ತರದ ಸಾಲಿನಲ್ಲಿರುವ ಆನೆ ಕುದುರೆಗಳು ಇನ್ನೂ ನಡೆಯುತ್ತಲೇ ಇವೆ.

ಕಡಲ ಕಡೆಯ ಕತೆ ನಿಲ್ಲಲಿಲ್ಲ. ವಿಜಯನಗರದ ಕಾಲಕ್ಕೆ ಹೊನ್ನಾವರದ ತಿಮ್ಮೋಜ ಗೋವೆಗೆ ಹೋಗುವ ಹಡಗುಗಳನ್ನು ದೋಚುತ್ತಿದ್ದ, ಅದರಲ್ಲೂ ಕುದುರೆಯೇ ಮುಖ್ಯ. 1498ರಲ್ಲಿ ವಾಸ್ಕೋ ಡ ಗಾಮ ಕಾರವಾರದ ಬಳಿಯ ಅಂಜುದೀವದಲ್ಲಿದ್ದಾಗ ಇವನು ಎಂಟು ದೋಣಿಗಳನ್ನು ಒಂದಕ್ಕೊಂದು ಕಟ್ಟಿ, ಸೊಪ್ಪು ಮುಚ್ಚಿ, ತೇಲುವ ದ್ವೀಪದಂತೆ ಮಾಡಿಕೊಂಡು ಬಂದನೆಂದು ಪೋರ್ಚುಗೀಸರು ಬರೆದಿಟ್ಟಿದ್ದಾರೆ. 1510ರಲ್ಲಿ ಅದೇ ಪೋರ್ಚುಗೀಸರ ಅಲ್ಬುಕರ್ಕನಿಗೆ ಗೋವೆ ಹಿಡಿಯಲು ದಾರಿ ತೋರಿದವನೂ ಅವನೇ.

ಅದೇ ಕಾರವಾರಕ್ಕೆ 1697ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಿಂದ ಒಂದು ಹಡಗು ಬಂತು. ಅಡ್ವೆಂಚರ್ ಗ್ಯಾಲಿ ಎಂದು ಹೆಸರು, ಕಪ್ತಾನ ವಿಲಿಯಂ ಕಿಡ್. ಕಡಲ್ಗಳ್ಳರನ್ನು ಹಿಡಿಯಲು ಇಂಗ್ಲೆಂಡಿನ ಅರಸನ ಸನ್ನದು ಪಡೆದು ಹೊರಟವನು. ಅಷ್ಟರಲ್ಲಿ ಅವನೇ ಆ ದಾರಿ ಹಿಡಿಯುತ್ತಿದ್ದಾನೆ ಎಂದು ಅವನ ಆಳುಗಳೇ ಕೆಲವರು ಕಾರವಾರದಲ್ಲಿ ಇಳಿದು ಇಂಗ್ಲಿಷರ ಕೋಠಿಗೆ ಸುದ್ದಿ ಕೊಟ್ಟರು. ನಾಲ್ಕೇ ತಿಂಗಳಲ್ಲಿ, 1698ರ ಜನವರಿ ಕೊನೆಗೆ, ಮಲಬಾರಿನ ಕಡಲಲ್ಲಿ ಅವನು ‘ಕ್ವೆಡಾ ಮರ್ಚೆಂಟ್’ ಹಡಗನ್ನು ಹಿಡಿದ. ಒಳಗಿದ್ದದ್ದು ರೇಷ್ಮೆ, ಮಸ್ಲಿನ್, ಸಕ್ಕರೆ, ಅಫೀಮು, ಕಬ್ಬಿಣ. ಆ ಕಾಲದ ಅಮೆರಿಕದ ಬಂದರುಗಳಿಗೆ ಇಂಥ ಸರಕು ಬೇಕಿತ್ತು. ನ್ಯೂಯಾರ್ಕ್, ರೋಡ್ ಐಲೆಂಡಿನ ವರ್ತಕರು ಎಲ್ಲಿಂದ ಬಂತು ಎಂದು ಕೇಳುವ ಗೋಜಿಗೆ ಹೋಗದೆ ಕೊಂಡರು. ಕಿಡ್ ಕಳ್ಳರ ಬೇಟೆಗಾರನೋ ಕಳ್ಳನೋ ಎಂದು ಲಂಡನ್ನಿನ ನ್ಯಾಯಾಲಯ ತೀರ್ಮಾನಿಸಿ 1701ರ ಮೇ ತಿಂಗಳಲ್ಲಿ ಗಲ್ಲಿಗೇರಿಸಿತು. ಕನ್ನಡ ಬಲ್ಲವರನ್ನು ಕೇಳಿದ್ದರೆ ಇಷ್ಟು ತಲೆಕೆಡಿಸಿಕೊಳ್ಳಬೇಕಿರಲಿಲ್ಲ. ಕೊಳ್ಳುವುದೂ ಕೊಳ್ಳೆಯೂ ಒಂದೇ ಮನೆಯ ಮಾತು ಎನ್ನುತ್ತಿದ್ದರು.

ಅಮೆರಿಕದಲ್ಲಿ ನಮ್ಮ ವೀರಗಲ್ಲಿಗೆ ಒಬ್ಬ ದಾಯಾದಿ ಇದ್ದಾನೆ. ಬಯಲುಸೀಮೆಯ ಮೂಲನಿವಾಸಿಗಳು ಕಾಡೆಮ್ಮೆಯ ಚರ್ಮದ ಮೇಲೆ ಬಣ್ಣದಲ್ಲಿ ಬರೆದ ಚಿತ್ರಗಳು. ಅಲ್ಲೂ ಜಗಳ ಕುದುರೆಗೇ. ಹಡಗಿನಲ್ಲಿ ಬಂದ ಸ್ಪೇನಿನವರ ಕುದುರೆ, ಅಲ್ಲಿಂದ ಕೈಯಿಂದ ಕೈಗೆ. ಕುದುರೆಗಳು ಸಾಲಾಗಿ ಓಡುತ್ತವೆ, ಮೈ ಮೇಲೆ ಮೈ, ಕಾಲುಗಳು ಒತ್ತೊತ್ತಾಗಿ, ನಮ್ಮ ಹಸುಗಳ ಹಾಗೆಯೇ. ಆದರೆ ಅಲ್ಲಿ ಚರ್ಮ ಹೊದ್ದವನೇ ಕುದುರೆ ಹೊಡೆದುಕೊಂಡು ಬಂದವನು, ಅದು ಅವನ ಗೆಲುವಿನ ಲೆಕ್ಕ. ನಮ್ಮ ಕಲ್ಲಿನಲ್ಲಿ ಹೆಚ್ಚಾಗಿ ನಿಲ್ಲುವವನು ಹೋದದ್ದನ್ನು ಮರಳಿ ತರಲು ಹೋಗಿ ಬಾರದವನು. ಹೊಡೆದುಕೊಂಡು ಹೋದವರಿಗೆ ಎದುರಾಳಿಯ ಅರ್ಧ ಎತ್ತರವಷ್ಟೇ ಸಿಕ್ಕಿದೆ. ಚರ್ಮದ ಚಿತ್ರದ ಓಟ ನನಗೆ ಇಷ್ಟ, ಕಲ್ಲಿನ ತೀರ್ಮಾನ ಇನ್ನೂ ಇಷ್ಟ.

ಇಷ್ಟೆಲ್ಲ ಬರೆಯುವಾಗ ನನ್ನ ಕೈಗೆ ಒಂದು ಮಾತು ಮತ್ತೆ ಮತ್ತೆ ಬರುತ್ತಿತ್ತು, ತಡೆದು ಕೂತಿದ್ದೇನೆ. ಮನಸೂರೆಗೊಂಡಿತು. ಸಂಗೀತ ಕಚೇರಿಯ ವರದಿಯಿಂದ ಹಿಡಿದು ಪ್ರವಾಸಿ ತಾಣದ ಫಲಕದವರೆಗೆ ಎಲ್ಲ ಕಡೆ ಸವೆದುಹೋದ ಮಾತು. ಸೂರೆ ಎಂದರೂ ಲೂಟಿಯೇ. ಮನೋಹರ ಎಂದರೆ ಮನಸ್ಸನ್ನು ಕದ್ದದ್ದು. ಚೆಲುವನ್ನು ಹೊಗಳಲು ನಮ್ಮ ಹಿರಿಯರಿಗೆ ದರೋಡೆಯ ಮಾತೇ ಒದಗಿತು. ದೋಚಿಸಿಕೊಂಡು ಗೊತ್ತಿದ್ದವರು. ಹಸು ಕಳೆದುಕೊಂಡವನು ಮರುದಿನ ಖಾಲಿ ಕೊಟ್ಟಿಗೆ ನೋಡುತ್ತಾನಲ್ಲ, ಒಳ್ಳೆಯದೊಂದನ್ನು ನೋಡಿ ಬಂದ ಮೇಲೆ ಎದೆಯೊಳಗೆ ಅಂಥದೇ ಒಂದು ಖಾಲಿ.

ಕಳೆದ ಸಲ ಹೋದಾಗ ಅಜ್ಜ ಹೊಸ ಸುದ್ದಿ ಹೇಳಿದರು.

“ಮೊನ್ನೆ ಒಬ್ಬ ಕಾರಲ್ಲಿ ಬಂದಿದ್ದ ಸಾಮಿ. ಕಲ್ಲು ಕೊಳ್ತೀನಿ ಅಂದ. ಅದೆಲ್ಲೋ ಹೋಟ್ಲು ಮುಂದೆ ನಿಲ್ಲಿಸ್ತಾನಂತೆ.”

“ನೀವೇನಂದ್ರಿ?”

“ಈರನ್ನ ಮಾರಾದುಂಟಾ? ನಮ್ ದನ ಕಾದೋನು. ರಾತ್ರಿ ಬಂದು ಎತ್ಕಂಡ್ ಹೋದಾನು ಅಂತ ನಾಯಿ ಬಿಟ್ಟಿವ್ನಿ.”

ಅಜ್ಜನ ನಾಯಿ ಕಲ್ಲಿನ ಬುಡದಲ್ಲೇ, ಬಿದ್ದವನ ಕೆಳಗೆ, ಮುದುರಿಕೊಂಡು ಮಲಗಿತ್ತು.

ಹಳೆಯ ಶಿಲ್ಪಗಳ ಮಾರಾಟಕ್ಕೆ 1972ರ ಕಾಯಿದೆಯ ಕಟ್ಟುಪಾಡಿದೆ, ನೆನಪಿರಲಿ. ನಿಮ್ಮ ಹೊಲದಲ್ಲೋ ಕೆರೆ ಏರಿಯ ಮೇಲೋ ಇಂಥ ಕಲ್ಲಿದ್ದರೆ ಬಟ್ಟೆ ಒಗೆಯಲು, ಮೋರಿಗೆ ಹಾಸಲು ಬಳಸಬೇಡಿ. ಬಿದ್ದಿದ್ದರೆ ಎತ್ತಿ ನಿಲ್ಲಿಸಿ, ಪುರಾತತ್ತ್ವ ಇಲಾಖೆಗೆ ತಿಳಿಸಿ. ಜೀರ್ಣೋದ್ಧಾರದ ಹುರುಪಿನಲ್ಲಿ ಆಯಿಲ್ ಪೇಂಟು ಬಳಿಯಬೇಡಿ, ಅಕ್ಷರ ಓದಲೆಂದು ಮೊಳೆಯಿಂದ ಕೆರೆಯಬೇಡಿ. ನೋಡಲು ಹೋಗುವವರು ಸಂಜೆ ನಾಲ್ಕರ ಮೇಲೆ ಹೋಗಿ, ಜೊತೆಗೆ ಎರಡು ಬಾಟಲಿ ನೀರಿರಲಿ.